ಬುಟ್ಟಿಯಲ್ಲಿ ಇಳಿದವನ ಬಯೋಡೇಟಾ

ಕಳೆದ ಅಪ್ರೈಸಲ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ಹೇಳಿದ್ದು: "ನಿಮ್ಮ ಮೇಲ್ ಓದಿದ್ರೆ ಭಾರಿ ಖಡಕ್ಕಾಗಿರತ್ತೆ. ಕಾಲ್‌ಗೆ ಬಂದ್ರೆ ಇವರೇನಾ ಬರೆದಿದ್ದು ಅನ್ಸತ್ತೆ." ನನಗೆ ಚಿಕ್ಕಂದಿನಿಂದ ಉಗ್ಗು. ಬೇಜಾರಾಯ್ತು, ಜೊತೆಗೆ ನಗುವೂ ಬಂತು. ಹೆಚ್ಚುಕಮ್ಮಿ ಇದೇ ದೂರು ಸುಮಾರು ಎರಡು ಸಾವಿರ ವರ್ಷದ ಹಿಂದೆ ಪೌಲನ ಮೇಲೂ ಇತ್ತು. ಪತ್ರದಲ್ಲಿ ತೂಕವಿದೆ, ಎದುರಿಗೆ ಬಂದರೆ ಆಳು ಸಪ್ಪೆ, ಮಾತಂತೂ ಕೇಳೋ ಹಾಗಿಲ್ಲ ಎಂದು ಕೊರಿಂಥದಲ್ಲಿ ಆಡಿಕೊಂಡಿದ್ದರು. ಆ ಊರಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಅದನ್ನು ಹೇಳಿಕೊಂಡಿದ್ದಾನೆ. ನಾನು ಚರ್ಚಿಗೆ ಹೋಗುವವನಲ್ಲ. ಹಳೇ ಊರುಗಳ ಹುಚ್ಚಿನಿಂದ ಬೈಬಲ್ಲಿನ ಈ ಪತ್ರಕ್ಕೆ ಸಿಕ್ಕಿಬಿದ್ದವನು.

ಕೊರಿಂಥ ಎಂಥ ಊರು ಅಂತ ಗೊತ್ತಾಗದೆ ಈ ಜಗಳ ಅರ್ಥವಾಗಲ್ಲ. ಕ್ರಿ.ಪೂ. 146ರಲ್ಲಿ ರೋಮನ್ ಸೈನ್ಯ ಅದನ್ನು ಹಾಳುಗೆಡವಿತು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಕಟ್ಟಲು ಹೊರಟಾಗ ಬಂದು ನೆಲೆಸಿದವರಲ್ಲಿ ಬಿಡುಗಡೆಯಾದ ಗುಲಾಮರೇ ಬಹಳ. ಎರಡು ಬಂದರು, ಕೈತುಂಬ ವ್ಯಾಪಾರ. ವಂಶದ ಹೆಸರಿಲ್ಲದವನು ಹೆಸರನ್ನು ತಾನೇ ಮಾಡಿಕೊಳ್ಳಬೇಕು. ಬಬ್ಬಿಯಸ್ ಫಿಲೈನಸ್ ಎಂಬೊಬ್ಬ ಅಲ್ಲಿ ಒಂದು ಸ್ಮಾರಕ ಕಟ್ಟಿಸಿದ. ಖರ್ಚು ತನ್ನದೆಂದೂ, ಊರಿನ ಅಧಿಕಾರಿಯಾಗಿ ಅದಕ್ಕೆ ಒಪ್ಪಿಗೆ ಕೊಟ್ಟವನೂ ತಾನೇ ಎಂದೂ ಕಲ್ಲಿನಲ್ಲಿ ಕೆತ್ತಿಸಿದ. ಅಪ್ಪನ ಹೆಸರು ಮಾತ್ರ ಇಲ್ಲ. ಸೆಲ್ಫ್ ಅಪ್ರೈಸಲ್ ಅಂದ್ರೆ ಇದು!

ಪೌಲನ ನಂತರ ಅಲ್ಲಿಗೆ ಬಂದ ಬೋಧಕರು ಶಿಫಾರಸು ಪತ್ರ, ಮಾತಿನ ಮೋಡಿ ಎಲ್ಲ ತಂದಿದ್ದರು. ನಿನ್ನದೇನಿದೆ ತೋರಿಸು ಎಂಬ ಸವಾಲು ಇವನಿಗೆ. ಸೋತರೆ ತಾನು ಕಟ್ಟಿದ ಸಭೆಯೇ ಕೈತಪ್ಪುತ್ತದೆ. ಸರಿ, ಅವನೂ ಬಯೋಡೇಟಾ ಬರೆದ. 39 ಏಟಿನ ಚಾಟಿ ಶಿಕ್ಷೆ, 5 ಸಲ. ಕೋಲಿನ ಪೆಟ್ಟು, 3 ಸಲ. ಕಲ್ಲೇಟು, 1 ಸಲ. ಹಡಗು ಒಡೆದದ್ದು, 3 ಸಲ. ಚಕ್ರವರ್ತಿ ಆಗಸ್ಟಸ್ ತನ್ನ ಸಾಧನೆಗಳನ್ನು ಹೀಗೇ ಎಣಿಸಿ ಕಂಚಿನ ಫಲಕಗಳಿಗೆಂದು ಬರೆದಿಟ್ಟಿದ್ದ. ಧಾಟಿ ಅದೇ, ಸರಕು ತಲೆಕೆಳಗು.

ಪಟ್ಟಿಯ ಕೊನೆಗೆ ದಮಸ್ಕದ ಕಥೆ. ನಬಾಟಿಯನ್ ದೊರೆ ಅರೇತನ ಅಧಿಕಾರಿ ಊರಿಗೆ ಕಾವಲು ಹಾಕಿಸಿದ್ದ. ಪೌಲನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಕಿಟಕಿಯಿಂದ ಕೆಳಗಿಳಿಸಿದರು. ನಾನಿದನ್ನು ಸಾಹಸದ ಕಥೆ ಅಂದ್ಕೊಂಡಿದ್ದೆ. ರೋಮನ್ ಸೈನ್ಯದಲ್ಲಿ ಶತ್ರುವಿನ ಕೋಟೆಗೋಡೆ ಮೊದಲು ಹತ್ತಿದವನಿಗೆ ಚಿನ್ನದ ಕಿರೀಟ ಕೊಡುತ್ತಿದ್ದರು ಅಂತ ಓದಿದ ಮೇಲೆ ಜೋಕ್ ಹೊಳೆಯಿತು. ಇವನು ಗೋಡೆ ಇಳಿದವನು, ಅದೂ ತರಕಾರಿ ಥರ! ಅವನ ಮನಸ್ಸಿನಲ್ಲಿ ಆ ಕಿರೀಟವೇ ಇತ್ತು ಅಂತ ಆಣೆಯಿಟ್ಟು ಹೇಳೋಕಾಗಲ್ಲ. ಆದರೆ ಕೊರಿಂಥದವರು ನಕ್ಕಿರಬೇಕು.

ಆಮೇಲೆ ಬರುವುದು ಮುಳ್ಳು. ಮೈಯಲ್ಲಿ ನೆಟ್ಟದ್ದು ಎಂದಷ್ಟೇ ಬರೆಯುತ್ತಾನೆ. ಕಣ್ಣುಬೇನೆ, ಮಲೇರಿಯಾ, ಮೂರ್ಛೆರೋಗ, ಉಗ್ಗು ಅಂತ ಪಂಡಿತರ ಊಹೆ ನಡೆದೇ ಇದೆ. ನನ್ನ ವೋಟು ಯಾವುದಕ್ಕೆ ಅಂತ ಹೇಳಬೇಕಿಲ್ಲ. ತೆಗೆದುಬಿಡು ಎಂದು 3 ಸಲ ದೇವರನ್ನು ಬೇಡಿದನಂತೆ. ತೆಗೆಯಲಿಲ್ಲ. ತನ್ನ ಬಲ ಪೂರ್ತಿ ಕೆಲಸ ಮಾಡುವುದು ಇಂಥ ನಿತ್ರಾಣದಲ್ಲೇ ಎಂಬರ್ಥದ ಉತ್ತರ ಬಂತು. ವೀಕ್ನೆಸ್ ಏನು ಅಂತ ಇಂಟರ್‌ವ್ಯೂನಲ್ಲಿ ಕೇಳಿದಾಗ "ಪರ್ಫೆಕ್ಷನಿಸ್ಟ್ ಸಾರ್" ಅಂತೀವಲ್ಲ, ಆ ಜಾಣತನ ಇಲ್ಲಿಲ್ಲ. ಮುಳ್ಳು ಮುಳ್ಳಾಗೇ ಉಳಿಯಿತು, ಚುಚ್ಚುತ್ತಲೇ ಇತ್ತು. ಬಲ ತನ್ನದೆಂದು ಪೌಲ ಎಲ್ಲೂ ಹೇಳುವುದಿಲ್ಲ.

ಇಷ್ಟೆಲ್ಲ ಬರೆದವನು ಮತ್ತೆ ಕೊರಿಂಥಕ್ಕೇ ಹೋದ. ರೋಮಿನವರಿಗೆ ಬರೆದ ದೊಡ್ಡ ಪತ್ರ ಅಲ್ಲೇ ಹುಟ್ಟಿದ್ದು ಎಂಬುದು ಹೆಚ್ಚಿನ ವಿದ್ವಾಂಸರ ಮತ. ಅದನ್ನು ಅವನು ಬಾಯಲ್ಲಿ ಹೇಳಿ ಬರೆಸಿದ. ಕೂತು ಕೇಳಿ ಬರೆದುಕೊಂಡವನ ಹೆಸರು ತೆರ್ತ್ಯ.