ನಾಲ್ಕು ಟೋಸ್ಕಾಗಳು

ಒಪೆರಾ ಎಂದೊಡನೆ ಕಿವಿ ಮುಚ್ಚಿಕೊಳ್ಳುವವರು ನಮ್ಮಲ್ಲಿ ಬಹಳ. ನಾನೂ ಬಹುಕಾಲ ಆ ಪಂಗಡದವನೇ ಆಗಿದ್ದೆ. ನನ್ನನ್ನು ಅದರತ್ತ ಎಳೆದದ್ದು ಪಾಶ್ಚಾತ್ಯ ಸಂಗೀತದ ಮೇಲಣ ಭಕ್ತಿಯಲ್ಲ. ರಾಮೋತ್ಸವದ ಚಪ್ಪರದಲ್ಲಿ ಅಂಟಿದ ಒಂದು ಚಟ. ಒಂದೇ ಕೃತಿಯನ್ನು ಈ ವರ್ಷ ಒಬ್ಬರಿಂದ, ಮುಂದಿನ ವರ್ಷ ಇನ್ನೊಬ್ಬರಿಂದ ಕೇಳಿ, ಕಾಫಿ ಹೋಟೆಲಿನಲ್ಲಿ ಕೂತು ತೂಗಿ ನೋಡುವ ಚಟ. ಒಪೆರಾದ ರೆಕಾರ್ಡುಗಳನ್ನೂ ಹಾಗೆಯೇ ತೂಗಬಹುದೆಂದು ತಿಳಿದಾಗ ಕಿವಿ ತಾನಾಗಿ ತೆರೆಯಿತು.

ಆದರೆ ಒಂದು ತೊಡಕುಂಟು. ನಮ್ಮ ವಿದ್ವಾಂಸರಿಗೆ ಆಲಾಪನೆ, ನೆರವಲು, ಕಲ್ಪನಾಸ್ವರಗಳೆಂಬ ಬಯಲಿದೆ. ಅಲ್ಲಿಯಾದರೋ ಹಾಡುವವರ ಸ್ವರ, ವಾದ್ಯಗಳ ಸ್ವರ ಎಲ್ಲವೂ ಬರೆದಿಟ್ಟದ್ದು. ಬರೆದದ್ದನ್ನೇ ಎಲ್ಲರೂ ಹಾಡುವುದಾದರೆ ತೂಗುವುದು ಏನನ್ನು? ಈ ಪ್ರಶ್ನೆಗೆ ನನಗೆ ಉತ್ತರ ಕೊಟ್ಟದ್ದು ಪುಚ್ಚಿನಿಯ ‘ಟೋಸ್ಕಾ’.

1900ರ ಜನವರಿ 14ರಂದು ರೋಮಿನ ಕೊಸ್ತಾನ್ಸಿ ರಂಗಮಂದಿರದಲ್ಲಿ ಮೊದಲು ಪ್ರದರ್ಶಿತವಾದ ಈ ಒಪೆರಾದ ಕಥೆ ನಡೆಯುವುದು 1800ರ ಜೂನಿನಲ್ಲಿ, ನೆಪೋಲಿಯನ್ನನ ಮರೆಂಗೊ ಯುದ್ಧದ ಸುದ್ದಿ ರೋಮಿಗೆ ಮುಟ್ಟಿದ ಸಮಯದಲ್ಲಿ. ಗಾಯಕಿ ಟೋಸ್ಕಾ, ಅವಳ ಪ್ರಿಯನಾದ ಚಿತ್ರಕಾರ, ಅವಳ ಮೇಲೆ ಕಣ್ಣಿಟ್ಟ ಪೋಲೀಸು ಮುಖ್ಯಾಧಿಕಾರಿ ಸ್ಕಾರ್ಪಿಯ. ಪ್ರಿಯನಿಗೆ ಚಿತ್ರಹಿಂಸೆ ಕೊಡಿಸಿ, ಆ ನರಳಾಟವನ್ನು ಅವಳ ಕಿವಿಗೆ ಬೀಳಿಸಿ, ಅವಳನ್ನು ಬಗ್ಗಿಸಲು ಸ್ಕಾರ್ಪಿಯ ನೋಡುತ್ತಾನೆ. ಊಟದ ಮೇಜಿನ ಚೂರಿಯಿಂದ ಅವಳು ಅವನನ್ನು ಇರಿಯುತ್ತಾಳೆ. ಕೊನೆಗೆ ಪ್ರಿಯನೂ ಉಳಿಯುವುದಿಲ್ಲ, ಅವಳೂ ಕೋಟೆಯ ಮೇಲಿಂದ ಹಾರುತ್ತಾಳೆ. ಕಂಪನಿ ನಾಟಕಗಳ ಖಳನಾಯಕರನ್ನು ಕಂಡವರಿಗೆ ಸ್ಕಾರ್ಪಿಯ ಹೊಸಬನೇನೂ ಅಲ್ಲ.

ನನ್ನಲ್ಲಿರುವ ನಾಲ್ಕರಲ್ಲಿ ಹಿರಿಯದು 1938ರದು. ಒಪೆರಾ ಮೊದಲು ಕಂಡ ಅದೇ ರಂಗಮಂದಿರದ ವಾದ್ಯವೃಂದ. ಜೀಲಿ ಮತ್ತು ಕನೀಲ್ಯರ ಹಾಡುಗಾರಿಕೆ. ಆಗಿನ ಪ್ಲೇಟಿನ ಒಂದು ಬದಿಗೆ ನಾಲ್ಕು ನಿಮಿಷವೆಂದರೆ ಹೆಚ್ಚು. ಪ್ರಾಣ ಹೋಗುವ ಘಟ್ಟದಲ್ಲಿ ಎದ್ದು ಪ್ಲೇಟು ತಿರುವಬೇಕು! ಆದರೂ ಜೀಲಿಯವರ ಕಂಠದ ಜೇನಿಗೆ ನಾನು ಅದನ್ನೆಲ್ಲ ಮನ್ನಿಸಿದ್ದೇನೆ. ಅವರು ನರಳುವಾಗಲೂ ಜೇನೇ ಸುರಿಯುವುದು ಮಾತ್ರ ಸ್ವಲ್ಪ ಅತಿ.

1953ರ ಆಗಸ್ಟಿನಲ್ಲಿ ಮಿಲಾನಿನ ಲಾ ಸ್ಕಾಲದಲ್ಲಿ ಆದ ಮುದ್ರಣವೇ ಬೇರೆ. ಟೋಸ್ಕಾ ಆಗಿ ಮಾರಿಯಾ ಕ್ಯಾಲಸ್, ಆಗ 29ರ ವಯಸ್ಸು. ಸ್ಕಾರ್ಪಿಯ ಆಗಿ ತಿತೊ ಗೊಬ್ಬಿ. ಚಿತ್ರಕಾರನಾಗಿ ದಿ ಸ್ತೆಫಾನೊ. ವಾದ್ಯವೃಂದದ ಮುಂದೆ ವಿಕ್ಟರ್ ದ ಸಾಬಾತ. ಮುದ್ರಣದ ಹೊಣೆ ಹೊತ್ತವರು ಇಂಗ್ಲೆಂಡಿನ ವಾಲ್ಟರ್ ಲೆಗ್. ಈ ಹೆಸರು ಮೈಸೂರಿಗೆ ಅಪರಿಚಿತವಲ್ಲ. ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಕಷ್ಟಕಾಲದಲ್ಲಿ ಕೈಹಿಡಿದವರು ನಮ್ಮ ಜಯಚಾಮರಾಜ ಒಡೆಯರು. ರಷ್ಯದ ಮೆಟ್ನರರ ಕೃತಿಗಳು ಅವರ ಸ್ವಂತ ವಾದನದಲ್ಲಿ ರೆಕಾರ್ಡಾದದ್ದೂ ಮಹಾರಾಜರ ಹಣದಿಂದ. 1949ರಲ್ಲಿ ಲೆಗ್ ಅರಮನೆಯ ಅತಿಥಿಯಾಗಿ ಬಂದು ಅಲ್ಲಿನ ರೆಕಾರ್ಡುಗಳ ರಾಶಿ ಕಂಡು ಬೆರಗಾದರಂತೆ. ಮಿಲಾನಿನ ಟೋಸ್ಕಾಕ್ಕೂ ಮೈಸೂರಿನ ಬೊಕ್ಕಸಕ್ಕೂ ಸಂಬಂಧವಿಲ್ಲವೆನ್ನಿ. ಆದರೂ ಆ ಪೆಟ್ಟಿಗೆ ತೆರೆದಾಗಲೆಲ್ಲ ನನಗೆ ಅರಮನೆಯ ನೆನಪಾಗುತ್ತದೆ.

ದ ಸಾಬಾತರು ಕರುಣೆಯಿಲ್ಲದ ಗುರುಗಳು. ಗೊಬ್ಬಿಯವರಿಂದ ಮೊದಲನೆಯ ಅಂಕದ ಹಾಡನ್ನೆಲ್ಲ ಮೂವತ್ತು ಸಲ ಹಾಡಿಸಿದರು, ಒಂದೊಂದು ಅಕ್ಷರದ ಬಣ್ಣ ಬದಲಿಸಿ ಬದಲಿಸಿ, ಎಂದು ಲೆಗ್ ಬರೆದಿದ್ದಾರೆ. ಕ್ಯಾಲಸರಿಗೆ ಅಂಥ ಕಾಟ ಒಂದೇ ಕಡೆ ಆದದ್ದು: ಇರಿದ ಮೇಲೆ ಹೆಣದ ಮುಂದೆ ನಿಂತು ಟೋಸ್ಕಾ ಆಡುವ ಒಂದು ವಾಕ್ಯ. ಅದರಲ್ಲಿ ರಾಗವೇ ಇಲ್ಲ, ಒಂದೇ ಸ್ವರದ ಮೇಲೆ ಆಡುವ ಮಾತು. ಅದಕ್ಕೆ ಅರ್ಧ ಗಂಟೆ! ತೂಗುವುದು ಏನನ್ನು ಎಂದು ಕೇಳಿದೆನಲ್ಲ, ಇದನ್ನೇ.

ಇನ್ನೊಂದು ಸಾಕ್ಷಿ ಇದೆ. 1962ರಲ್ಲಿ ಕಾರಾಯಾನರು ವಿಯೆನ್ನಾದಲ್ಲಿ ಲಿಯೊಂಟೀನ್ ಪ್ರೈಸರನ್ನು ಇಟ್ಟುಕೊಂಡು ಇದೇ ಒಪೆರಾವನ್ನು ಸ್ಟೀರಿಯೊದಲ್ಲಿ ಮುದ್ರಿಸಿದರು. ಫಿರಂಗಿ, ಗಂಟೆ, ಆರ್ಗನ್ ಎಲ್ಲ ಮೈಮೇಲೆ ಬಂದಂತೆ ಕೇಳಿಸುತ್ತದೆ. ಪ್ರೈಸರ ಕಂಠವಂತೂ ರೇಷ್ಮೆ. ಮೂರನೆಯ ಅಂಕದಲ್ಲಿ ಟೋಸ್ಕಾ ಓಡಿಬರುವ ಜಾಗದಲ್ಲಿ ಲಯ ಹಿಗ್ಗುತ್ತ ಕುಗ್ಗುತ್ತ ನಡೆಯಬೇಕು. ಅಲ್ಲಿ ಕಾರಾಯಾನರು ದ ಸಾಬಾತರ ಹಳೆಯ ರೆಕಾರ್ಡು ತರಿಸಿ ಮತ್ತೆ ಮತ್ತೆ ಕೇಳಿದರಂತೆ. ಕಡೆಗೆ, ಆತ ಮಾಡಿದ್ದೇ ಸರಿ, ಆದರೆ ನನ್ನಿಂದ ಆಗದು, ಅದು ಆತನ ಗುಟ್ಟು ಎಂದುಬಿಟ್ಟರೆಂದು ಆ ಮುದ್ರಣದ ಹೊಣೆ ಹೊತ್ತಿದ್ದ ಕಲ್ಷಾ ಬರೆದಿಟ್ಟಿದ್ದಾರೆ. ಕಾರಾಯಾನರಂಥ ಅಭಿಮಾನಿಯ ಬಾಯಿಂದ ಈ ಮಾತು! ದ ಸಾಬಾತರು ಮಿಲಾನಿನ ಮುದ್ರಣವಾದ ಸ್ವಲ್ಪ ದಿನಕ್ಕೇ ಹೃದಯಾಘಾತಕ್ಕೆ ಗುರಿಯಾಗಿ, ಆಮೇಲೆ ಹೆಚ್ಚುಕಡಮೆ ರಂಗದಿಂದಲೇ ಹಿಂದೆ ಸರಿದರು. ಗುಟ್ಟು ಪ್ಲೇಟಿನಲ್ಲಿ ಉಳಿದಿದೆ; ಕೇಳುತ್ತದೆ, ಕೈಗೆ ಸಿಗುವುದಿಲ್ಲ.

ನಾಲ್ಕನೆಯದು 1964ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಆದದ್ದು. ಮತ್ತೆ ಕ್ಯಾಲಸ್, ಮತ್ತೆ ಗೊಬ್ಬಿ, ಪ್ರೆತ್ರರ ನಿರ್ದೇಶನ. ಅದು ಕ್ಯಾಲಸರು ಪೂರ್ಣವಾಗಿ ಮುದ್ರಿಸಿದ ಕೊನೆಯ ಒಪೆರಾ. ತಾರಸ್ಥಾಯಿ ಮುಟ್ಟಿದರೆ ದನಿ ಅಲುಗುತ್ತದೆ, ಅಲ್ಲಲ್ಲಿ ಒಡೆಯುತ್ತದೆ. ಕೊಂಡ ತಿಂಗಳಲ್ಲೇ ನಾನು ಬೇಸರಪಟ್ಟು ಅದನ್ನು ಸ್ನೇಹಿತರೊಬ್ಬರಿಗೆ ಕೊಟ್ಟುಬಿಟ್ಟೆ. ಒಡೆದ ದನಿಗೆ ಹಣ ಕೊಡುವುದೆಂದರೇನು ಎಂಬ ಜಂಬ.

ಕಳೆದ ವರ್ಷ ಅವರ ಮನೆಯಲ್ಲಿ ಅಕಸ್ಮಾತ್ತಾಗಿ ಅದರ ಎರಡನೆಯ ಅಂಕ ಕೇಳಿದೆ. ಹೆಣದ ಮುಂದಿನ ಆ ವಾಕ್ಯ ಬಂತು. 1953ರಲ್ಲಿ ಅದನ್ನು ಆಡಿದವಳು ಗೆದ್ದ ಹೆಣ್ಣು; ಇವಳು ದಣಿದವಳು, ತಾನು ಮಾಡಿದ್ದನ್ನು ನೋಡಿ ತಾನೇ ಹೆದರಿದವಳು. ನಾಚಿಕೆ ಬಿಟ್ಟು ರೆಕಾರ್ಡನ್ನು ಹಿಂದಕ್ಕೆ ಕೇಳಿದೆ. ಸ್ನೇಹಿತರು ಕೊಟ್ಟರು, ಕೂಡಲೇ ಅಲ್ಲ. ಬದಲಿಗೆ ಜೀಲಿಯವರನ್ನು ಒಂದು ತಿಂಗಳು ಅವರ ಮನೆಗೆ ಕಳಿಸಬೇಕಾಯಿತು.