ಕಪ್ಪತಗುಡ್ಡದ ಕರಿಮರಳು

ಗದಗಿನ ದಕ್ಷಿಣಕ್ಕೆ ಮುಂಡರಗಿ, ಶಿರಹಟ್ಟಿಗಳ ಸೀಮೆಯನ್ನು ಹಾಯ್ದು ತುಂಗಭದ್ರೆಯತ್ತ ಸಾಗುವ ಕಪ್ಪತಗುಡ್ಡದ ಶ್ರೇಣಿಯಲ್ಲಿ ಪ್ರಕೃತಿಯು ಕಬ್ಬಿಣವನ್ನೂ ಚಿನ್ನವನ್ನೂ ಒಂದೇ ಮಡಿಲಲ್ಲಿ ಇರಿಸಿರುವುದರಿಂದ, ಕಬ್ಬಿಣದ ಕುಲವನ್ನು ಇತರ ಲೋಹಗಳ ಕುಲದಿಂದ ಬೇರ್ಪಡಿಸಿ ತಿಳಿಯುವ ವಿದ್ಯೆ ಇಲ್ಲಿಯ ಜನರಿಗೆ ಬದುಕಿನ ಅಗತ್ಯವೇ ಆಗಿದ್ದಿತು.

ಆ ವಿದ್ಯೆಯಲ್ಲಿ ನಿಷ್ಣಾತರಾಗಿದ್ದವರು ದೋಣಿ, ಸೊರಟೂರುಗಳ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರು. 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜನರ ಕಸುಬನ್ನು ಗಮನಿಸಿದ್ದನು. ಮಳೆಯ ನೀರು ಗುಡ್ಡವನ್ನು ಕೊರೆದು ತಂದ ಮರಳನ್ನು ಮರದ ಮರಿಗೆಯಲ್ಲಿ ತುಂಬಿ, ನೀರಿನಲ್ಲಿ ಅಲುಗಿಸುತ್ತ ಬಂದರೆ, ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಮಿಗಿಲಾಗಿ ಭಾರವಿರುವ ಬೆಣಚುಮರಳು ಮೊದಲು ಕೊಚ್ಚಿಹೋಗಿ, ಐದು ಪಟ್ಟಿಗೂ ಮೀರಿ ತೂಗುವ ಕಬ್ಬಿಣದ ಕರಿಮರಳು ತಳದಲ್ಲಿ ನಿಲ್ಲುತ್ತದೆ. ಹತ್ತೊಂಬತ್ತು ಪಟ್ಟು ಭಾರದ ಚಿನ್ನದ ಕಣಗಳು ಅದರ ಅಡಿಯಲ್ಲಿ ಅಡಗಿರುತ್ತವೆ. ಆದುದರಿಂದ ಕರಿಮರಳನ್ನು ಗುರುತಿಸಲಾರದವನಿಗೆ ಚಿನ್ನವೂ ದಕ್ಕುತ್ತಿರಲಿಲ್ಲ. ಈ ಕರಿಮರಳಿನ ಬಹುಭಾಗವನ್ನು ಸೂಜಿಗಲ್ಲು ಎತ್ತಿಕೊಳ್ಳುತ್ತದೆ. ಪಾದರಸವಾದರೋ ಚಿನ್ನವನ್ನು ತನ್ನಲ್ಲಿ ಲೀನವಾಗಿಸಿಕೊಂಡು ಕಬ್ಬಿಣವನ್ನು ಮುಟ್ಟದೆ ಬಿಡುತ್ತದೆ. ಒಂದೇ ಹಿಡಿ ಮರಳಿನಲ್ಲಿ ಎರಡು ಕುಲಗಳ ಸ್ವಭಾವ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವ ಸ್ಥಳಗಳು ವಿರಳವೆಂದೇ ನನ್ನ ಭಾವನೆ.

ಅಗ್ನಿಯ ಮುಂದೆ ಈ ಭೇದವು ಇನ್ನೂ ಆಳವಾಗುತ್ತದೆ. ಚಿನ್ನ 1064, ತಾಮ್ರ 1085 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿ ನೀರಾಗುವುದರಿಂದ ಅಕ್ಕಸಾಲಿಗೂ ಕಂಚುಗಾರನಿಗೂ ಮೂಸೆ ಮತ್ತು ಎರಕ ಸಾಧ್ಯವಾದುವು. 1538 ಡಿಗ್ರಿಯನ್ನು ಬೇಡುವ ಕಬ್ಬಿಣವು ಮಣ್ಣಿನ ಕುಲುಮೆಯಲ್ಲಿ, ಇದ್ದಲಿನ ಕೆಂಡದ ನಡುವೆ, ತಿದಿಯ ಗಾಳಿಗೆ ಮೆತ್ತಗಾಗುವುದೇ ಹೊರತು ಹರಿಯಲಾರದಾದ್ದರಿಂದ, ಕಮ್ಮಾರನು ಆ ರಂಧ್ರಮಯವಾದ ಮುದ್ದೆಯನ್ನು ಬಡಿದು ಬಡಿದು ಕಿಟ್ಟವನ್ನು ಹೊರಗೆಡಹಬೇಕಾಗುತ್ತಿತ್ತು. ಪಂಚಾಳರಲ್ಲಿ ಕಮ್ಮಾರ, ಕಂಚುಗಾರ, ಅಕ್ಕಸಾಲಿಗಳೆಂಬ ವಿಭಾಗವನ್ನು ಕೇವಲ ಕುಲಾಚಾರವೆಂದು ಎಣಿಸುವವರು ಲೋಹಗಳ ಈ ಸ್ವಭಾವವನ್ನು ನೆನೆಯಬೇಕು. ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರದ ಎಂಟನೆಯ ಶತಮಾನದ ಶಾಸನದಲ್ಲಿ ಕಂಚುಗಾರರ ಶ್ರೇಣಿಯ ಉಲ್ಲೇಖವಿದೆ. ಲಕ್ಕುಂಡಿಯಲ್ಲಿ ಟಂಕಸಾಲೆಯಿದ್ದು ಲೊಕ್ಕಿಗುಂಡಿಯ ಗದ್ಯಾಣಗಳು ಹೆಸರಾಗಿದ್ದುವು. ಚಿನ್ನದ ಶುದ್ಧಿಗೆ ಒರೆಗಲ್ಲಿನ ಗೆರೆಯ ಬಣ್ಣವೇ ಸಾಕ್ಷಿ. ಕಬ್ಬಿಣಕ್ಕೆ ಅಂಥ ಒರೆಯಿಲ್ಲ. ಕಾಸಿ ಬಡಿದಾಗ ಬಿರಿಯದೆ ತಾಳುವುದೇ ಅದರ ಪರೀಕ್ಷೆ.

ಗುಡ್ಡದ ಕಬ್ಬಿಣದ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆರಿದುವು. ಹಡಗಿನಲ್ಲಿ ಬಂದ ಅಗ್ಗದ ವಿಲಾಯತಿ ಕಬ್ಬಿಣದೊಡನೆ, ಇದ್ದಲಿನ ಬೆಲೆಯೇರಿದ ಈ ಬಯಲುಸೀಮೆಯ ಕಮ್ಮಾರನು ಸ್ಪರ್ಧಿಸುವುದಾದರೂ ಹೇಗೆ? ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಂಪನಿಗಳು ಚಿನ್ನಕ್ಕಾಗಿ ಇಲ್ಲಿ ಗಣಿಗಳನ್ನು ತೋಡಿದುವು; ಅವೂ ಹೆಚ್ಚು ಕಾಲ ಬಾಳಲಿಲ್ಲ.

ಹೊಸ ಲೋಹಗಳು ಬಂದಂತೆ ಹಳೆಯ ಪರೀಕ್ಷೆಗಳೂ ಸಾಲದಾದುವು. 1947ರ ನಿಕ್ಕಲ್ ರೂಪಾಯಿಯು ಕಬ್ಬಿಣವಲ್ಲದಿದ್ದರೂ ಸೂಜಿಗಲ್ಲಿಗೆ ಅಂಟುತ್ತದೆ. ಮನೆಮನೆಯ ಸ್ಟೀಲ್ ಪಾತ್ರೆಗಳಲ್ಲಿ ಹಲವು ಕಬ್ಬಿಣದ ಕುಲದವೇ ಆದರೂ ಅಂಟುವುದಿಲ್ಲ. ಅಂಥಲ್ಲಿ ತುಂಡನ್ನು ತಿರುಗುವ ಸಾಣೆಗೆ ಒಡ್ಡಿ ನೋಡುವುದುಂಟು: ಉಕ್ಕಾದರೆ ಕಿಡಿ ಹಾರುತ್ತದೆ, ತಾಮ್ರ ಹಿತ್ತಾಳೆಗಳಾದರೆ ಹಾರುವುದಿಲ್ಲ.