ಚಾಪೆಯ ಲೆಕ್ಕ, ಬಾಗಿಲಿನ ಲೆಕ್ಕ

ಮುಂಬಯಿಯಿಂದ ಗೋವೆಗೆ ಹೊರಡುವ ಕ್ರೂಸ್ ಹಡಗಿನ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಒಂದು ದರ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಷರತ್ತು: ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಉಳಿದರೆ ತಲಾ ಇಷ್ಟು. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಅಜ್ಜ, ಅಜ್ಜಿ, ಮಕ್ಕಳು ಸೇರಿ ಆರೇಳು ಮಂದಿ ಹೊರಟರೆ ನಿಜವಾದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಎಷ್ಟು ಕ್ಯಾಬಿನ್ ಬೇಕು, ಯಾರು ಯಾರ ಜೊತೆ ಮಲಗಬೇಕು, ಒಟ್ಟು ಎಷ್ಟಾಗುತ್ತದೆ?

ಇದೇ ಕರಾವಳಿಯಲ್ಲಿ ಕೆಲವೇ ದಶಕಗಳ ಹಿಂದಿನವರೆಗೆ ದೊಡ್ಡ ಕುಟುಂಬಗಳಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವರು ಹಡಗಿನಲ್ಲಿ ಕೋಣೆ ಕೊಳ್ಳುತ್ತಿರಲಿಲ್ಲ, ಡೆಕ್ಕಿನ ಮೇಲೆ ಚಾಪೆ ಹಾಸುತ್ತಿದ್ದರು. ಚಾಪೆಯ ಲೆಕ್ಕದಿಂದ ಬಾಗಿಲಿನ ಲೆಕ್ಕಕ್ಕೆ ಬಂದದ್ದು ಹೇಗೆ, ಆ ದಾರಿಯಲ್ಲಿ ಸಿಕ್ಕಿದ್ದೇನು, ಕಳೆದುಹೋದದ್ದೇನು ಎಂಬುದನ್ನು ನೋಡಲು ಬಾಂದ್ರಾ ಒಳ್ಳೆಯ ಜಾಗ. ಅಲ್ಲಿನ ಹಳೆಯ ಮನೆಗಳಲ್ಲಿ ಅನೇಕವು ಸಮುದ್ರ ದಾಟಿ ಬಂದವರ ಮನೆಗಳು.

ಬಾಂದ್ರಾ ಮೊದಲಿಗೆ ಮುಂಬಯಿಯ ಭಾಗವೇ ಆಗಿರಲಿಲ್ಲ. ಅದು ಸಾಲ್ಸೆಟ್ ದ್ವೀಪದ ದಕ್ಷಿಣದ ತುದಿ. ಎದುರಿನ ಮಾಹಿಮಿಗೂ ಅದಕ್ಕೂ ನಡುವೆ ಕೊಲ್ಲಿಯ ನೀರು. ಪೋರ್ಚುಗೀಸರು 1640ರಲ್ಲಿ ಆ ನೀರಿನ ಮೇಲೆ ಕಣ್ಣಿಡಲು ಕಟ್ಟಿದ ಕಾವಲು ಕೋಟೆಯ ಗೋಡೆಗಳು ಇಂದಿಗೂ ಲ್ಯಾಂಡ್ಸ್ ಎಂಡ್‌ನಲ್ಲಿವೆ. ಆಚೆ ದಡಕ್ಕೆ ಹೋಗಬೇಕಾದವರು ದೋಣಿ ಹತ್ತಬೇಕಿತ್ತು. ಅಲ್ಲಿ ಸೇತುವೆ ರಸ್ತೆ ಕಟ್ಟುವ ಮಾತು ಬಂದಾಗ ಸರ್ಕಾರದ ಬಳಿ ಹಣವಿರಲಿಲ್ಲ. ಜಮ್‌ಸೇಟ್‌ಜಿ ಜೀಜಿಭಾಯ್ ಅವರ ಪತ್ನಿ ಆವಾಬಾಯಿ 1,57,000 ರೂಪಾಯಿ ಕೊಟ್ಟರು. ಸುಂಕ ವಸೂಲು ಮಾಡಬಾರದು ಎಂಬುದು ಅವರ ಷರತ್ತು. 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಮನೆಮಂದಿಯೆಲ್ಲ ದಾಟಲು ತಲೆಗೆ ಇಷ್ಟು ಎಂದು ಎಣಿಸಿ ಕೊಡುವ ಕಾಲ ಬಾಂದ್ರಾದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ದೂರದ ಕಡಲಯಾನದಲ್ಲಿ ಅದು ಮುಗಿಯಲಿಲ್ಲ.

ಆ ದೂರದ ಯಾನದಲ್ಲಿ ಬಂದವರಲ್ಲಿ ಕನ್ನಡ ಕರಾವಳಿಯವರೂ ಇದ್ದರು. ಮಂಗಳೂರಿನ ಕ್ಯಾಥೋಲಿಕರು ಬಾಂದ್ರಾದಲ್ಲಿ ಗೋವೆಯವರ ಮತ್ತು ಮೂಲನಿವಾಸಿ ಈಸ್ಟ್ ಇಂಡಿಯನ್ನರ ನೆರೆಯಲ್ಲಿ ನೆಲೆ ಕಂಡರು. ಚಿತ್ರಾಪುರ ಸಾರಸ್ವತರು ಗಾಮದೇವಿಯಲ್ಲಿ 1915ರಲ್ಲೇ ಸಹಕಾರಿ ವಸತಿ ಸಂಘ ಕಟ್ಟಿದರು. ಮೊಗವೀರರು, ಬಂಟರು, ಬಿಲ್ಲವರು, ಹೋಟೆಲಿನ ಕೆಲಸ ಹುಡುಕಿ ಬಂದ ಉಡುಪಿ ಕಡೆಯ ಹುಡುಗರು ನಗರದ ಬೇರೆ ಬೇರೆ ಮೂಲೆ ಸೇರಿದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮಲಬಾರಿನ ಕಡೆಯಿಂದ. ಕರಾವಳಿಯುದ್ದಕ್ಕೂ ಮುಂಬಯಿಗೆ ರೈಲು ಓಡಲು 1998ರವರೆಗೆ ಕಾಯಬೇಕಾಯಿತು. ನಡುವಿನ ನದಿಗಳಿಗೆಲ್ಲ ಸೇತುವೆ ಆಗುವವರೆಗೆ ರಸ್ತೆಯೆಂದರೆ ಒಂದರ ಹಿಂದೆ ಒಂದು ಕಡವು. ಹೀಗಾಗಿ ಮುಂಬಯಿಯ ಹಾದಿ ಎಂದರೆ ಒಂದೋ ಘಟ್ಟ ಹತ್ತಿ ರೈಲು ಹಿಡಿಯುವುದು, ಇಲ್ಲವೇ ಹಡಗು.

ಹಡಗು ಎಂದರೆ ಬಾಂಬೆ ಸ್ಟೀಮ್ ನ್ಯಾವಿಗೇಶನ್‌ನಂಥ ಕಂಪೆನಿಗಳ ಕರಾವಳಿ ಸ್ಟೀಮರು. ಮುಂದೆ ಈ ಕಂಪೆನಿ 1919ರಲ್ಲಿ ಹುಟ್ಟಿದ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ನಿನ ಕೈ ಸೇರಿತು. ಊರಿನ ಅಳಿವೆಗಳಲ್ಲಿ ಆಳ ಸಾಲದೆ ಸ್ಟೀಮರು ದೂರದಲ್ಲೇ ಲಂಗರು ಹಾಕುತ್ತಿತ್ತು. ಜನ, ಹಾಸಿಗೆ, ಟ್ರಂಕು, ತೆಂಗಿನಕಾಯಿ ಮೂಟೆ ಎಲ್ಲ ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು. ಮುಂಬಯಿಯಲ್ಲಿ ಇಂಥ ಪಯಣಿಗರ ಕಟ್ಟೆ ಎಂದರೆ ಭಾವೂಚಾ ಧಕ್ಕಾ. ಭಾವು ಎಂದು ಜನ ಕರೆಯುತ್ತಿದ್ದ ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ ಕಟ್ಟಿಸಿದ ಕಟ್ಟೆ ಅದು.

ಹಡಗಿನಲ್ಲಿ ಕ್ಯಾಬಿನ್‌ಗಳೂ ಇದ್ದವು. ಆದರೆ ಅವು ಅಧಿಕಾರಿಗಳಿಗೆ, ಉಳ್ಳವರಿಗೆ. ಉಳಿದವರೆಲ್ಲರದು ಡೆಕ್ ಕ್ಲಾಸು. ಅಲ್ಲಿ ಟಿಕೆಟ್ ಕೊಟ್ಟದ್ದು ಹಡಗಿನ ಮೇಲೆ ಇರುವ ಹಕ್ಕನ್ನು ಮಾತ್ರ, ಜಾಗವನ್ನಲ್ಲ. ಜಾಗ ಹಿಡಿಯುವುದು ಅವರವರ ಚುರುಕು. ಮೊದಲು ಹತ್ತಿದವರು ಎಂಜಿನ್ನಿನ ಬಿಸಿ ತಾಗದ, ನೀರು ಸಿಡಿಯದ ಕಡೆ ಚಾಪೆ ಬಿಡಿಸಿ ಸುತ್ತ ಟ್ರಂಕು ಇಟ್ಟರೆ ಅದೇ ಆ ರಾತ್ರಿಯ ಮನೆ. ಎಂಟು ಜನರಿದ್ದರೂ ಹತ್ತು ಜನರಿದ್ದರೂ ಕುಟುಂಬ ಒಂದೇ ಕಡೆ. ಬುತ್ತಿ ಬಿಚ್ಚಿದರೆ ಎಲ್ಲರಿಗೂ ಒಟ್ಟಿಗೆ ಊಟ. ಮಗು ಅತ್ತರೆ ಎತ್ತಿಕೊಳ್ಳಲು ನಾಲ್ಕು ಕೈ.

ಕಾಲ ಮಾತ್ರ ಅವರ ಕೈಯಲ್ಲಿರಲಿಲ್ಲ. ಮಳೆಗಾಲದಲ್ಲಿ ಕರಾವಳಿಯ ಹಡಗುಗಳು ನಿಲ್ಲುತ್ತಿದ್ದವು. ಶಾಲೆಗೆ ರಜೆ ಬರುವುದು ಮೇ ತಿಂಗಳಲ್ಲಿ. ಊರಿಗೆ ಹೋದವರು ಹಡಗು ನಿಲ್ಲುವ ಮುನ್ನ ಮರಳಬೇಕು. ಹಾಗಾಗಿ ದೊಡ್ಡ ಕುಟುಂಬಗಳು ಹೊರಡುವ ದಿನಗಳೇ ಡೆಕ್ಕಿನಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳು.

ಕಾನೂನು ಈ ಜನರನ್ನು ನೋಡಿದ್ದು ಬೇರೆಯೇ ಬಗೆಯಲ್ಲಿ. ಕ್ಯಾಬಿನ್ನಿನಲ್ಲಾಗಲಿ ಸಲೂನಿನಲ್ಲಾಗಲಿ ಪ್ರತ್ಯೇಕ ಜಾಗ ಕಾದಿರಿಸದ ಪ್ರಯಾಣಿಕ ಎಂದು ಅದು ಅವರನ್ನು ಗುರುತಿಸಿತು. ಅಂದರೆ ಅವರಿಗೆ ಏನಿಲ್ಲವೋ ಅದೇ ಅವರ ಹೆಸರು. ಲೆಕ್ಕ ಹಾಕುವಾಗ ಹನ್ನೆರಡು ವರ್ಷದೊಳಗಿನ ಇಬ್ಬರು ಮಕ್ಕಳು ಸೇರಿ ಒಬ್ಬ ಪ್ರಯಾಣಿಕ. ನಾಲ್ಕು ಮಕ್ಕಳ ತಾಯಿಗೆ ಇದು ಅನುಕೂಲವೆಂದು ಕಾಣಬಹುದು. ಆದರೆ ಮುಳುಗುವ ಹಡಗಿನಲ್ಲಿ ಅರ್ಧ ಮಗು ಎಂಬುದಿಲ್ಲ.

ಕಷ್ಟ ಇದ್ದದ್ದು ಅಲ್ಲಿಯೇ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಕಡಲಿನ ಸುರಕ್ಷತೆಗೆ ಅಂತಾರಾಷ್ಟ್ರೀಯ ಒಪ್ಪಂದಗಳು ಬಂದವು. 1914ರ ಮೊದಲ ಒಪ್ಪಂದದ ನಂತರ 1929ರಲ್ಲಿ ಇನ್ನೊಂದು ಆಯಿತು. ಹಡಗಿನ ಮೇಲಿರುವ ಎಲ್ಲರಿಗೂ ಜೀವರಕ್ಷಕ ದೋಣಿಯಲ್ಲಿ ಜಾಗವಿರಬೇಕು ಎಂಬುದು ಅವುಗಳ ಹಿಂದಿನ ಮುಖ್ಯ ಪಾಠ. ಆದರೆ ಡೆಕ್ಕಿನ ತುಂಬ ಜನ ಹೊತ್ತ ಹಜ್ ಹಡಗುಗಳಲ್ಲಿ, ಏಷ್ಯಾದ ಇಂಥ ಇತರ ಹಡಗುಗಳಲ್ಲಿ ಅಷ್ಟೊಂದು ದೋಣಿ ಕಟ್ಟಲು ಜಾಗವೇ ಇರಲಿಲ್ಲ. ಆದ್ದರಿಂದ ಅವುಗಳಿಗೆ ವಿನಾಯಿತಿಗೆ ದಾರಿ ಬಿಡಲಾಯಿತು. ಆ ವಿನಾಯಿತಿಯ ನಿಯಮಗಳು 1931ರಲ್ಲಿ ಸಿಮ್ಲಾದಲ್ಲಿ ರೂಪುಗೊಂಡವು. ಅವುಗಳಿಗೆ ಸಿಮ್ಲಾ ನಿಯಮಗಳೆಂದೇ ಹೆಸರು. ಡೆಕ್ಕಿನ ಟಿಕೆಟ್ಟು ಅಗ್ಗವಾಗಿದ್ದುದರ ಒಂದು ಕಾರಣ ಇಲ್ಲಿದೆ. ಪ್ರಯಾಣಿಕನಿಗೆ ಗೋಡೆ ಕೊಡದೆ ಉಳಿಸಿದ್ದು ಒಂದಿಷ್ಟು, ರಕ್ಷಣೆಯಲ್ಲಿ ಉಳಿಸಿದ್ದು ಇನ್ನೊಂದಿಷ್ಟು.

ತುಂಬಿದ ಹಡಗು ಮುಳುಗಿದರೆ ಎಷ್ಟು ಮನೆಗಳ ದೀಪ ಆರುತ್ತದೆ ಎಂಬುದನ್ನು ಮುಂಬಯಿ ಕಣ್ಣಾರೆ ಕಂಡಿತು. 1947ರ ಜುಲೈ 17ರ ಬೆಳಿಗ್ಗೆ ರಾಮದಾಸ್ ಎಂಬ ಹಡಗು ಭಾವೂಚಾ ಧಕ್ಕಾದಿಂದ ರೇವಸ್‌ಗೆ ಹೊರಟಿತು. ದೂರದ ಯಾನವೂ ಅಲ್ಲ, ಬಂದರಿನ ಆಚೆ ದಡಕ್ಕೆ. ಮಳೆಗಾಲದ ಗಾಳಿಗೆ, ಅಲೆಗೆ ಸಿಕ್ಕಿ ಸ್ವಲ್ಪ ಹೊತ್ತಿನಲ್ಲೇ ಅದು ಮುಳುಗಿತು. 600ಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಕೊಂಕಣದ ಹಳ್ಳಿಗಳಲ್ಲಿ ಆ ಹೆಸರು ಬಹಳ ಕಾಲ ಭಯದ ಹೆಸರಾಗಿ ಉಳಿಯಿತು.

ಡೆಕ್ ಕ್ಲಾಸು ಅಷ್ಟಕ್ಕೇ ಮುಗಿಯಲಿಲ್ಲ, ಏಕೆಂದರೆ ಅದರ ಅಗತ್ಯ ಮುಗಿದಿರಲಿಲ್ಲ. ಗೋವೆಗೆ ಚೌಗುಲೆ ಕಂಪೆನಿಯ ಹಡಗುಗಳು, ಆಮೇಲೆ ಮೊಗಲ್ ಲೈನಿನ ಕೊಂಕಣ್ ಸೇವಕ್, ಕೊಂಕಣ್ ಶಕ್ತಿ ಓಡಿದವು. 1971ರಲ್ಲಿ ಈ ಬಗೆಯ ಹಡಗುಗಳಿಗಾಗಿಯೇ ಹೊಸ ಅಂತಾರಾಷ್ಟ್ರೀಯ ಒಪ್ಪಂದ ಬಂತು. 1973ರಲ್ಲಿ ಒಬ್ಬೊಬ್ಬರಿಗೆ ಎಷ್ಟು ಜಾಗ ಎಂಬ ನಿಯಮ ಸೇರಿತು. ಅದರಂತೆ ತಿದ್ದಿದ ಭಾರತದ ಕಾನೂನು ಒಂದು ಗೆರೆ ಎಳೆಯಿತು: ಎಂಟಕ್ಕಿಂತ ಹೆಚ್ಚು ಜನ ಒಟ್ಟಿಗಿರುವ ಜಾಗದಲ್ಲಿ ಹೋಗುವವರು ವಿಶೇಷ ವರ್ಗದ ಪ್ರಯಾಣಿಕರು. ದೊಡ್ಡ ಕುಟುಂಬ ಒಂದೇ ಸೂರಿನಡಿ ಮಲಗುವುದು ಹೀಗೆ ಕಾನೂನಿನ ಕಣ್ಣಿಗೆ ವಿಶೇಷವಾಯಿತು.

ಡೆಕ್ಕನ್ನು ಕೊನೆಗೆ ಖಾಲಿ ಮಾಡಿದ್ದು ಕಾನೂನಲ್ಲ, ಬಸ್ಸು. ಹೆದ್ದಾರಿಯ ಸೇತುವೆಗಳಾದ ಮೇಲೆ ಮಂಗಳೂರು–ಮುಂಬಯಿ ಬಸ್ಸು ಮಳೆಗಾಲದಲ್ಲೂ ಓಡಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಗೋವೆಯ ಹಳೆಯ ಹಡಗು ಸೇವೆ ನಿಂತಿತ್ತು. 1995ರಲ್ಲಿ ಮುಂಬಯಿಯಿಂದ ಜೆದ್ದಾಕ್ಕೆ ಹಜ್ ಹಡಗೂ ನಿಂತಿತು. ಸಮುದ್ರ ಆ ಮೇಲೆ ಹಾದಿಯಾಗಿ ಉಳಿಯದೆ ರಜೆಯ ಜಾಗವಾಯಿತು. 2018ರಲ್ಲಿ ಮುಂಬಯಿ–ಗೋವೆ ನಡುವೆ ಆಂಗ್ರಿಯಾ ಹೊರಟಾಗ ಅದರಲ್ಲಿ ಸಾಲು ಮಂಚಗಳ ಡಾರ್ಮಿಟರಿಯೂ ಇತ್ತು. ಡೆಕ್ಕಿನ ನೆನಪು ಅಷ್ಟರ ಮಟ್ಟಿಗೆ ಉಳಿದಿತ್ತು. 2021ರಲ್ಲಿ ಕಾರ್ಡೀಲಿಯಾ ಕಂಪೆನಿಯ ಎಂಪ್ರೆಸ್ ಬಂತು. ಅದು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ವಿದೇಶಿ ರಜಾ ಪ್ರವಾಸಿಗರಿಗಾಗಿ ಕಟ್ಟಿದ ಹಡಗು. ಅದರಲ್ಲಿ ಎಲ್ಲವೂ ಬಾಗಿಲಿನ ಲೆಕ್ಕ.

ಆ ಲೆಕ್ಕದ ಒಳಗುಟ್ಟು ಸರಳ. ಕ್ರೂಸ್ ಕಂಪೆನಿಗಳು ಸಾಮಾನ್ಯವಾಗಿ ಪ್ರತಿ ಕ್ಯಾಬಿನ್ನಿನ ಮೊದಲ ಇಬ್ಬರಿಗೆ ಪೂರ್ತಿ ದರ ಹಾಕುತ್ತವೆ. ಗೋಡೆಯಿಂದ ಇಳಿಸುವ ಮೇಲಿನ ಮಂಚದಲ್ಲೋ ಸೋಫಾ ಹಾಸಿಗೆಯಲ್ಲೋ ಮಲಗುವ ಮೂರನೆಯವರಿಗೆ, ನಾಲ್ಕನೆಯವರಿಗೆ ದರ ಕಡಿಮೆ. ಹಾಗಾಗಿ ಆರು ಜನ ಮೂರು ಕ್ಯಾಬಿನ್ ಹಿಡಿದರೆ ಆರು ಪೂರ್ತಿ ಟಿಕೆಟ್ಟು. ಎರಡೇ ಹಿಡಿದರೆ ನಾಲ್ಕು ಪೂರ್ತಿ, ಎರಡು ಕಡಿಮೆ ದರದ್ದು. ಆ ಎರಡರಲ್ಲಿ ನಾಲ್ಕು–ಎರಡು ಎಂದು ಹಂಚಿದರೂ ಮೂರು–ಮೂರು ಎಂದು ಹಂಚಿದರೂ ಟಿಕೆಟ್ಟುಗಳ ಎಣಿಕೆ ಒಂದೇ. ಹಂಚಿಕೆಯನ್ನು ಹಣ ನೋಡಿ ಮಾಡಬೇಕಿಲ್ಲ, ಜನರನ್ನು ನೋಡಿ ಮಾಡಬಹುದು. ಮೇಲಿನ ಮಂಚಕ್ಕೆ ಏಣಿ ಹತ್ತಲಾಗದ ಅಜ್ಜ ಅಜ್ಜಿಗೆ ಎರಡು ಕೆಳಗಿನ ಹಾಸಿಗೆಗಳ ಕ್ಯಾಬಿನ್, ಮಕ್ಕಳು ಅಪ್ಪ ಅಮ್ಮನ ಜೊತೆ. ಇಲ್ಲವೇ ಒಂದೊಂದು ಮಗು ಒಂದೊಂದು ಕಡೆ. ಬಂದರು ಶುಲ್ಕ, ತೆರಿಗೆ, ಟಿಪ್ಸು ಮಾತ್ರ ತಲೆ ಎಣಿಸಿಯೇ ಬರುತ್ತವೆ, ಅವನ್ನು ಮೊದಲೇ ಕೂಡಿಸಿಕೊಳ್ಳಬೇಕು.

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನೇ ಅಗ್ಗ. ಊಟದ ಹಾಲು, ಈಜುಕೊಳ, ತೆರೆದ ಡೆಕ್ಕು ಅದರವರಿಗೂ ತೆರೆದಿರುತ್ತವೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಸಮುದ್ರದ ವಾಂತಿಗೆ ಹೆದರುವವರಿಗೆ ಬಾಲ್ಕನಿಗಿಂತ ಅದೇ ಮೇಲು. ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳು, ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್‌ಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುವುದರಿಂದ ಬೇಗ ಕಾದಿರಿಸಬೇಕು. ಅವು ಸಿಗದಿದ್ದರೆ ಓಣಿಯ ಎದುರುಬದುರಿನ ಎರಡು ಒಳ ಕ್ಯಾಬಿನ್‌ಗಳು ನಡೆಯುತ್ತವೆ.

ಕೆಲವೊಮ್ಮೆ ಕ್ಯಾಬಿನ್ನಿನಲ್ಲಿ ಹಾಸಿಗೆ ಖಾಲಿಯಿದ್ದರೂ ಇನ್ನೊಬ್ಬರನ್ನು ಸೇರಿಸಲಾಗದು ಎಂಬ ಉತ್ತರ ಬರುತ್ತದೆ. ಕಂಪೆನಿಯ ಮೊಂಡುತನ ಎಂದು ಅನಿಸಬಹುದು. ಹಡಗಿನ ಪ್ರತಿ ಭಾಗಕ್ಕೂ ಇಂತಿಷ್ಟೇ ಜನರ ಜೀವರಕ್ಷಕ ದೋಣಿ ಗೊತ್ತಾಗಿರುತ್ತದೆ. ಆ ದೋಣಿಯ ಲೆಕ್ಕ ತುಂಬಿದರೆ ಆ ಭಾಗದಲ್ಲಿ ಹಾಸಿಗೆ ಇದ್ದೂ ಇಲ್ಲದಂತೆ. ಸಿಮ್ಲಾ ನಿಯಮಗಳು ಯಾವ ಲೆಕ್ಕದಲ್ಲಿ ವಿನಾಯಿತಿ ಕೊಟ್ಟಿದ್ದವೋ ಅದೇ ಲೆಕ್ಕ ಈಗ ಬುಕಿಂಗ್ ಪರದೆಯ ಹಿಂದೆ ಕೂತಿದೆ. ಇಂದಿನ ದರದಲ್ಲಿ ಆ ದೋಣಿಯ ಪಾಲೂ ಸೇರಿದೆ. ಬದಲಿಗೆ ಹೋದದ್ದು ಎಲ್ಲರೂ ಒಂದೇ ಕಡೆ ಬುತ್ತಿ ಬಿಚ್ಚುವ ಚಾಪೆ. ಕುಟುಂಬ ಒಟ್ಟಿಗಿರಬೇಕೆಂದರೆ ಈಗ ಕ್ಯಾಬಿನ್ನನ್ನು ಮಲಗಲು ಮಾತ್ರ ಬಳಸಿ ಉಳಿದ ಹೊತ್ತನ್ನು ಡೆಕ್ಕಿನ ಮೇಲೆ ಕಳೆಯಬೇಕು.